ಸೋಮವಾರದ ಆಟ

ಸೋಮವಾರ ಸಾಹೇಬ್ರಿಗೆ ಸೂಟಿ.
ಕ್ಯಾಂಪಿನ ಮೈದಾನ ಆವತ್ತೊಂದಿನ ನಮ್ದು, ಚೀಲ ಹೊರೋರ್ದು.
ನಾಲ್ಕು ಕೋಲು ಗೋಣಿತಟ್ಟಿನ್ಯಾಗ ಸುತ್ತಿ ತಂದೀನಿ.
ಒಂದರ ಹಿಡಿ ಸೈಕಲ್ ಟ್ಯೂಬಿಂದು.
ಒಂದು, ಕರ್ನಲ್ ಸಾಹೇಬ್ರು ಸಿಟ್ಟೀಲೆ ಮೊಣಕಾಲಿಗೆ ಬಡದು ಬಗ್ಗಿಸಿದ್ದು;
ಗ್ಯಾರೇಜಿನ ಬಾಬಾಲಾಲ ಕಾಸಿ ನೆಟ್ಟಗ ಮಾಡಿಕೊಟ್ಟಾನ,
ಆದ್ರೂ ಅದಕ್ಕಿನ್ನೂ ಆ ಸಿಟ್ಟಿನ ನೆನಪೈತಿ.

ಹೊರಾಕ ಅಕ್ಕನ ಮಗಳು ಸ್ವಪ್ನಾಲಿ, ಎಂಟನೇ ಈಯತ್ತೆ.
ಕಿವಿಯಾಗ ಪೆನ್ಸಿಲ್, ಕೈಯಾಗ ಲೆಕ್ಕದ ಚೀಟಿ.

ನಮ್ಮಪ್ಪ ಇಲ್ಲೇ ಮಾಲಿ ಇದ್ದ.
ದಿನಾ ನಸಿಕಿನ್ಯಾಗ ನಿನ್ನಿನ ಕುಣಿ ಮುಚ್ಚಿ ಇವತ್ತಿಂದು ತೋಡಾಂವ,
ಅರ್ಧ ಗೇಣು ಅಗಲ, ಅರ್ಧ ಗೇಣು ಆಳ.
‘ಕುಣಿ ತೋಡೋ ಲಗಮಣ್ಣ’ ಅಂತ ಓಣ್ಯಾಗ ಕರದ್ರ
ಹೊಸಬ್ರು ಚಾ ಕೊಡಾಕ ಹಿಂದ ಮುಂದ ನೋಡತಿದ್ರು.
ಅಪ್ಪ ನಗತಿದ್ದ:
‘ನನ್ನ ಕುಣ್ಯಾಗ ಬಿದ್ರ ಮಂದಿ ಚಪ್ಪಾಳಿ ತಟ್ಟತಾರ.’

ಒಂದನೇದು ಸರಳ. ಸರಳ ಅಂತನ ಮಂದಿ ಕೆಡತಾರ.
ಎಡಕ್ಕ ನೀಲಗಿರಿ, ಬಲಕ್ಕ ತಂತಿಬೇಲಿ,
ಬೇಲಿ ಆಚೆ ಹೊಸ ಸಿಪಾಯಿಗಳ ಕವಾಯತು.
ಹವಾಲ್ದಾರ ಒದರಿದ, ‘ದಾಹಿನೇ ಮುಡ್!’
ನನ್ನ ಚೆಂಡು ಬಲಕ್ಕ ಹೊಳ್ಳಿತು.

ಎರಡನೇದರಾಗ ಹೇಳೂವಂಥಾದ್ದೇನಿಲ್ಲ.
ಮೂರರಾಗ ಕಾಗಿ ತತ್ತಿ ಅಂತ ತಿಳದು ಚೆಂಡು ಕಚ್ಚಿ ಹಾರಿತು,
ತಪ್ಪು ತಿಳದು ಉಗುಳಿತು, ನಾ ಹೊಡದದ್ದಕ್ಕಿಂತ ಮುಂದ.
ಅದನ್ನ ಎಣಿಸಬೇಕೋ ಬ್ಯಾಡೋ,
ಭರಮಾನ ಜೋಡಿ ಇನ್ನೂ ಜಗಳೈತಿ.

ನಾಲ್ಕರಾಗ ಗಾಳಿ.
ಜಾಂಬೋಟಿ ಕಡಿಂದ ಬರೋ ಗಾಳಿ, ಮೈಯೆಲ್ಲಾ ಒದ್ದಿ,
ಹುಲ್ಲಿಗೊಂದು ಹೇಳತೈತಿ, ಗಿಡದ ತುದಿಗೆ ಇನ್ನೊಂದು.
ಇಪ್ಪತ್ತಾರು ವರ್ಷ ಹೇಳೀನಿ ಸಾಹೇಬ್ರಿಗೆ:
ಹುಲ್ಲು ನೋಡಬ್ಯಾಡ್ರಿ, ತುದಿ ನೋಡ್ರಿ.
ಇವತ್ತ ನಾನು ಹುಲ್ಲು ನೋಡಿದೆ.

ಆಮ್ಯಾಲ ಏಳನೇದು. ಕ್ವಾರಿ.
ಕೆಂಪು ಕಲ್ಲು ಕಡದು ಕಡದು ಆದ ಹೊಂಡ, ಚಾದ ಬಣ್ಣದ ನೀರು,
ನೀರಿನ ಮ್ಯಾಲೆ ನೂರಾ ನಲವತ್ತು ಗಜ,
ಅದರಾಚೆ ಊಟದ ತಾಟಿನಷ್ಟು ಹಸರು.
ಸಣ್ಣಾಂವಿದ್ದಾಗ ಇದರಾಗ ಮುಳುಗತಿದ್ದೆ,
ಕಾಲಬೆರಳೀಲೆ ರಾಡಿ ಕೆದರಿ ಚೆಂಡು ಹುಡಕತಿದ್ದೆ,
ಎಂಟಾಣೆಕ್ಕ ಒಂದು.
ನೀರೊಳಗಿಂದ ಕಣ್ಣು ತೆರದು ನೋಡಿದ್ರ
ದಂಡಿಮ್ಯಾಲಿನ ಆಟಗಾರ ಬಾಳ ಸಣ್ಣಾಂವ, ಅಲ್ಲಾಡತಿದ್ದ.
ನೀರಿನ ಆಟ ಅದು ಅಂದುಕೊಂಡಿದ್ದೆ.
ಅಂವ ಹೆದರಿದ್ದ.

‘ಮಾಮಾ, ಆರನೇ ಕೋಲು. ತಲಿ ಎತ್ತಬ್ಯಾಡ.’
ನನ್ನ ಮಾತು, ನನ್ನ ದನಿ ಸುದ್ದಾ.
ಎಲ್ಲಿ ಕಲತಿ?
‘ನೀ ನಿದ್ದ್ಯಾಗ ಅಂತೀಯಲ್ಲ.’

ತಲಿ ಎತ್ತಿದೆ. ಡುಬುಕ್.
ಮತ್ತ ಎತ್ತಿದೆ. ಡುಬುಕ್.
ಮೂರನೇದು ಆಚಿ ದಂಡಿ ಕಲ್ಲಿಗೆ ಟಣ್ ಅಂತ ಬಡದು
ಜಿಗದು ಹಸರಿನ ಅಂಚಿಗೆ ಕುಂತಿತು.
ಹೊಡದದ್ದು ನಾನಲ್ಲ, ಕಲ್ಲು.
ಮುಂದ ಇನ್ನೂ ಮೂರು ಬೇಕಾದುವು.
ಸ್ವಪ್ನಾಲಿ ಬೆರಳು ಮಡಚಿ ಎಣಿಸಿ ಬರದ್ಲು: ಎಂಟು.
ಒಂದು ಕಡಿಮಿ ಬರಿಯವಾ ಅಂದೆ.
ಪೆನ್ಸಿಲ್ ಕಿವಿಗೆ ಸಿಗಿಸಿಕೊಂಡ್ಲು.

ಒಂಬತ್ತನೇ ಹಸರಿನ್ಯಾಗ ಮೊಣಕಾಲೂರಿ ನೋಡಿದೆ.
ಬಿಸಲು ಅಡ್ಡ ಬಿದ್ದಾಗ ಅಷ್ಟ ಕಾಣತಾವು
ಮುಚ್ಚಿದ ಕುಣಿಗಳ ದುಂಡನ್ನ ಕಲಿ,
ಒಂದರ ಮಗ್ಗಲಕ್ಕ ಒಂದು, ಜ್ವರದ ಮಾತ್ರಿ ಹಂಗ.
ಯಾವುದು ಅಪ್ಪಂದೋ.
ಅವನ್ನೆಲ್ಲಾ ದಾಟಿ ಚೆಂಡು ಸಾವಕಾಶ ಹೋತು,
ಅಂಚಿಗೆ ನಿಂತು
ಒಳಗ ಇಣುಕಿ ನೋಡಿ
ಅಲ್ಲೇ ಉಳೀತು.

ಇವತ್ತ ಮಂಗಳವಾರ.
ಏಳನೇ ದಂಡಿಮ್ಯಾಲೆ ದಂತದ ಡಾಕ್ಟರ್ ಕೇಳಿದ್ರು,
‘ಯಾವುದು ಕೊಡತಿ?’
‘ಆರು’ ಅನ್ನೂದು ನಾಲಿಗಿ ತುದಿಗಿತ್ತು.
ಅವರ ಕೈ ನೋಡಿದೆ. ಮಂದಿ ಹಲ್ಲು ಕೀಳೋ ಕೈ,
ನೀರೊಳಗಿಂದ ಕಂಡಂಗ ಅಲ್ಲಾಡತಿತ್ತು.
ಐದು ತಗೋರಿ ಅಂದೆ,
ಆ ಕಲ್ಲಿನ ಕಡಿ ಹೊಡೀರಿ ಸಾಹೇಬ್ರ,
ಕಲ್ಲು ಒಳ್ಳೇದೈತಿ.